ತುದಿಯ ಅಂಗಡಿ ಮುಚ್ಚಿದರೆ ಇಡೀ ಮಾಲ್ ಏಕೆ ಬರಿದಾಗುತ್ತದೆ?

ಪ್ರಶ್ನೆ: ಓಹಾಯೋದಲ್ಲಿರುವ ಮಗಳ ಮನೆಗೆ ಹೋದಾಗ ಚಳಿಗಾಲದ ಬೆಳಗಿನ ನಡಿಗೆಗೆ ಹತ್ತಿರದ ಮಾಲ್‌ಗೆ ಹೋಗುತ್ತಿದ್ದೆ. ಮೊದಲ ಸಲ ಒಂದು ತುದಿಯ ದೊಡ್ಡ ಅಂಗಡಿಯೊಂದೇ ಮುಚ್ಚಿತ್ತು. ಮೂರು ವರ್ಷ ಬಿಟ್ಟು ಹೋದರೆ ಮುಕ್ಕಾಲು ಪಾಲು ಅಂಗಡಿಗಳಿಗೆ ಬೀಗ! ಒಂದು ಅಂಗಡಿ ಹೋದರೆ ಉಳಿದವಕ್ಕೆ ಏನು ಕೇಡು?

ಉತ್ತರ: ತುದಿಯ ಆ ದೊಡ್ಡ ಅಂಗಡಿಯನ್ನು ವ್ಯಾಪಾರದವರು ‘ಆಂಕರ್’ ಎನ್ನುತ್ತಾರೆ. ಸಿಯರ್ಸ್, ಜೆ.ಸಿ. ಪೆನ್ನಿ, ಮೇಸೀಸ್ ಇಂಥವು. ಅಮೆರಿಕದ ಉಪನಗರಗಳ ಮಾಲ್‌ಗಳು ನಿಂತದ್ದೇ ಇವುಗಳನ್ನು ನಂಬಿ. ಎರಡು ತುದಿಗೆ ಎರಡು ಆಂಕರ್, ನಡುವೆ ಉದ್ದನೆಯ ಓಣಿ, ಓಣಿಯ ಇಕ್ಕೆಲಗಳಲ್ಲಿ ಚಪ್ಪಲಿ, ಕನ್ನಡಕ, ಐಸ್‌ಕ್ರೀಮ್ ಮಾರುವವರು. ಒಂದು ತುದಿಯಲ್ಲಿ ಫ್ರಿಜ್ ನೋಡಿದ ಸಂಸಾರ ಇನ್ನೊಂದು ತುದಿಗೆ ಕೋಟು ಕೊಳ್ಳಲು ನಡೆಯುವಾಗ ಮಗು ಐಸ್‌ಕ್ರೀಮ್‌ಗೆ ಹಟ ಹಿಡಿಯುತ್ತದೆ. ಚಿಕ್ಕ ಅಂಗಡಿಯವನ ಅನ್ನ ಆ ನಡಿಗೆಯಲ್ಲಿದೆ. 1956ರಲ್ಲಿ ಮಿನ್ನೆಸೋಟದ ಈಡೈನಾದಲ್ಲಿ ತೆರೆದ ಸೌತ್‌ಡೇಲ್, ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ರೂಪಿಸಿದ ಮಾಲ್, ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಎಂಬ ಎರಡು ಎದುರಾಳಿ ಅಂಗಡಿಗಳನ್ನು ಒಂದೇ ಸೂರಿನಡಿ ಕೂರಿಸಿತು. ಮುಂದಿನವರು ಅದೇ ಅಚ್ಚಿನಲ್ಲಿ ಕಟ್ಟಿದರು.

ಜನರನ್ನು ಕರೆತರುವವನು ಎಂಬ ಕಾರಣಕ್ಕೆ ಆಂಕರ್‌ಗೆ ಬಾಡಿಗೆ ತೀರಾ ಕಡಿಮೆ; ಎಷ್ಟೋ ಕಡೆ ಕಟ್ಟಡವೂ ಅದರದ್ದೇ. ಚದರ ಅಡಿಯ ಲೆಕ್ಕದಲ್ಲಿ ದುಬಾರಿ ಬಾಡಿಗೆ ತೆರುವವರು ಓಣಿಯ ಚಿಕ್ಕವರು. ಅವರ ಕರಾರಿನಲ್ಲಿ ಹಲವು ಕಡೆ ಒಂದು ಷರತ್ತು ಇರುತ್ತದೆ, ‘ಕೋ-ಟೆನೆನ್ಸಿ’ ಎಂದು ಅದರ ಹೆಸರು. ಆಂಕರ್ ಹೊರಟುಹೋಗಿ, ಗೊತ್ತಾದ ಗಡುವಿನೊಳಗೆ ಬದಲಿ ಬಾರದಿದ್ದರೆ ಬಾಡಿಗೆ ಇಳಿಯಬೇಕು, ಇಲ್ಲವೇ ಕರಾರು ಮುರಿದು ಹೊರಡಬಹುದು. ನೀವು ಮೊದಲ ಸಲ ನೋಡಿದ ಆ ಒಂದು ಬೀಗ ಓಣಿಯ ಎಷ್ಟೋ ಅಂಗಡಿಗಳಿಗೆ ಹೊರಡುವ ಬಾಗಿಲನ್ನು ತೆರೆದಿರಬಹುದು. ಬಾಡಿಗೆಯ ವರಮಾನ ಇಳಿದ ಮಾಲ್ ಮಾಲೀಕ ದೀಪ, ಹೀಟರ್, ಸೂರಿನ ದುರಸ್ತಿಯಲ್ಲಿ ಕೈ ಬಿಗಿ ಹಿಡಿಯುತ್ತಾನೆ. ಮಬ್ಬು ಓಣಿಗೆ ಜನ ಇನ್ನೂ ಕಡಿಮೆಯಾಗುತ್ತಾರೆ. ಊರಿನ ಬಸ್ ನಿಲ್ದಾಣ ಬೈಪಾಸ್‌ಗೆ ಹೋದ ಮೇಲೆ ಹಳೆಯ ನಿಲ್ದಾಣದೆದುರಿನ ಹೋಟೆಲ್, ಹೂವಿನ ಅಂಗಡಿಗಳಿಗೆ ಆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓಹಾಯೋದ್ದೇ ಉದಾಹರಣೆ ಇದೆ. ಕ್ಲೀವ್‌ಲ್ಯಾಂಡ್ ಪಕ್ಕದ ನಾರ್ತ್ ರ್‍ಯಾಂಡಲ್ ಎಂಬ ಪುಟ್ಟ ಊರಿನಲ್ಲಿ 1976ರಲ್ಲಿ ತೆರೆದ ರ್‍ಯಾಂಡಲ್ ಪಾರ್ಕ್ ಮಾಲ್ ಆ ಕಾಲದ ಅತಿ ದೊಡ್ಡ ಮಾಲ್‌ಗಳಲ್ಲಿ ಒಂದು. ಆಂಕರ್‌ಗಳೇ ಐದು. 2001ರಲ್ಲಿ ಜೆ.ಸಿ. ಪೆನ್ನಿ, ಮರುವರ್ಷ ಡಿಲ್ಲಾರ್ಡ್ಸ್, 2008ರಲ್ಲಿ ಮೇಸೀಸ್ ಹೋದವು. 2009ರಲ್ಲಿ ಮಾಲ್ ಮುಚ್ಚಿತು. ಬಳಿಕ ಅದನ್ನು ಕೆಡವಿ, 2018ರಲ್ಲಿ ಅದೇ ನೆಲದಲ್ಲಿ ಅಮೆಜಾನ್‌ನ ಗೋದಾಮು ತೆರೆಯಿತು.

ಆನ್‌ಲೈನ್ ವ್ಯಾಪಾರವೇ ಮಾಲ್‌ಗಳನ್ನು ಕೊಂದಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರ್‍ಯಾಂಡಲ್ ಪಾರ್ಕ್‌ನಿಂದ ಜೆ.ಸಿ. ಪೆನ್ನಿ ಹೋದದ್ದು 2001ರಲ್ಲಿ, ಆನ್‌ಲೈನ್ ವ್ಯಾಪಾರ ಇನ್ನೂ ಚಿಕ್ಕದಾಗಿದ್ದಾಗ. ಅಕ್ಕಪಕ್ಕ ಮಾಲ್‌ಗಳು ಅತಿಯಾಗಿದ್ದವು, ಅಂಗಡಿ ಕಂಪನಿಗಳು ಒಂದನ್ನೊಂದು ಕೊಂಡಿದ್ದವು. 2005ರಲ್ಲಿ ಮೇಸೀಸ್‌ನ ಒಡೆಯನಾದ ಫೆಡರೇಟೆಡ್ ಕಂಪನಿ ಇಂಥದೇ ದೊಡ್ಡ ಅಂಗಡಿಗಳ ‘ಮೇ’ ಕಂಪನಿಯನ್ನು ಕೊಂಡಾಗ ಕೆಲವು ಮಾಲ್‌ಗಳಲ್ಲಿ ಎರಡು ತುದಿಯ ಅಂಗಡಿಗಳೂ ಒಬ್ಬನೇ ಯಜಮಾನನ ಕೈಗೆ ಬಂದವು. ಒಂದನ್ನು ಮುಚ್ಚಲು ಹೆಚ್ಚು ಯೋಚಿಸಬೇಕಿರಲಿಲ್ಲ. 2018ರಲ್ಲಿ ಸಿಯರ್ಸ್, 2020ರಲ್ಲಿ ಜೆ.ಸಿ. ಪೆನ್ನಿ ದಿವಾಳಿ ಅರ್ಜಿ ಹಾಕಿದವು. ಇಂಥ ಕಟ್ಟಡದ ಹೊರಗೋಡೆಯಲ್ಲಿ ಅಕ್ಷರಗಳನ್ನು ಕಿತ್ತ ಮೇಲೂ ಹೆಸರು ಓದಲು ಸಿಗುತ್ತದೆ. ಅಕ್ಷರಗಳ ಹಿಂದೆ ಬಿಸಿಲು ಕಾಣದಿದ್ದ ಬಣ್ಣ ಮಾಸಿರುವುದಿಲ್ಲ. ಅಲ್ಲಿ ವರ್ಷಗಟ್ಟಲೆ ಗಲ್ಲಾದಲ್ಲಿ ನಿಂತವರು ದಿನವೂ ಅದರ ಮುಂದೆ ಹಾದುಹೋಗಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಬೆಂಗಳೂರಿನ ಮಾಲ್‌ಗಳಲ್ಲಿ ಆಂಕರ್‌ನ ಭಾರವನ್ನು ಚಿತ್ರಮಂದಿರವೂ ಹೊರುತ್ತದೆ. ಕೋರಮಂಗಲದ ಫೋರಂ 2004ರಲ್ಲಿ ತೆರೆದದ್ದು ಹನ್ನೊಂದು ಪರದೆಗಳ ಮಲ್ಟಿಪ್ಲೆಕ್ಸ್ ಇಟ್ಟುಕೊಂಡು.

ಬೀಗ ಬಿದ್ದ ಆಂಕರ್‌ನ ಜಾಗಕ್ಕೆ ಬೇಗ ಯಾರಾದರೂ ಬಂದರೆ ಮಾಲ್ ಉಸಿರಾಡುತ್ತದೆ. ಬರುವವರು ಅಂಗಡಿಯವರೇ ಆಗಬೇಕೆಂದಿಲ್ಲ. ಸೌತ್‌ಡೇಲ್‌ನಲ್ಲಿ ಜೆ.ಸಿ. ಪೆನ್ನಿ ಇದ್ದ ಕಡೆ 2019ರಲ್ಲಿ ದೊಡ್ಡದೊಂದು ವ್ಯಾಯಾಮ ಕೇಂದ್ರ ತೆರೆಯಿತು. ಮುಂದಿನ ಸಲ ಹೋದಾಗ ನಿಮ್ಮ ಮಗಳ ಊರಿನ ಆ ತುದಿಯ ಕಟ್ಟಡಕ್ಕೆ ಯಾರು ಬಂದಿದ್ದಾರೆ ಎಂದು ನೋಡಿ, ನಮಗೂ ಬರೆಯಿರಿ.