ಮೆಟಾಗೇಮಿಂಗ್ ಅಂದ್ರೇನು?

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆನ್‌ಲೈನ್ ಆಡುವ ರೋಲ್‌ಪ್ಲೇ ಸರ್ವರ್‌ಗೆ ಹೊಸದಾಗಿ ಸೇರಿದವರು ಜಾಸ್ತಿ ಬೈಸಿಕೊಳ್ಳುವುದು ಈ ಒಂದು ವಿಷಯಕ್ಕೆ. ಸುಮ್ನೆ ದಾರಿಯಲ್ಲಿ ಹೋಗುವವನಿಗೆ ಗುಂಡು ಹೊಡೆದು ಬೈಸಿಕೊಂಡರೆ ಯಾಕೆ ಅಂತ ಗೊತ್ತಾಗುತ್ತದೆ. ಇದರಲ್ಲಿ ತಾನು ಏನು ತಪ್ಪು ಮಾಡಿದೆ ಅನ್ನೋದೇ ಹೊಳೆಯುವುದಿಲ್ಲ.

ನಿಮಗೆ ಗೊತ್ತು, ಆದರೆ ನಿಮ್ಮ ಪಾತ್ರಕ್ಕೆ ಗೊತ್ತಾಗಲು ದಾರಿಯೇ ಇಲ್ಲ. ಅಂಥ ವಿಷಯವನ್ನು ಆಟದೊಳಗೆ ಬಳಸಿಕೊಂಡರೆ ಅದು ಮೆಟಾಗೇಮಿಂಗ್. ಮೆಟಾ ಅನ್ನೋದು ಗ್ರೀಕ್ ಮೂಲದ ಮಾತು, ಇಲ್ಲಿ ಆಟದ ಆಚೆಯದ್ದು ಅಂತ ತಿಳಿದುಕೊಂಡರೆ ಸಾಕು.

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಗದಾಯುದ್ಧ ನಡೀತಿದೆ ಅಂದುಕೊಳ್ಳಿ. ದುರ್ಯೋಧನ ಸರೋವರದಲ್ಲಿ ಅಡಗಿದ್ದಾನೆ ಅಂತ ಭೀಮನ ವೇಷ ಹಾಕಿದವನಿಗೆ ಗೊತ್ತು, ತಿಂಗಳುಗಟ್ಟಲೆ ತಾಲೀಮು ಮಾಡಿದ್ದಾನೆ, ಮುಂದೆ ಚಾಪೆ ಹಾಸಿಕೊಂಡು ಕೂತ ಸಣ್ಣ ಹುಡುಗರಿಗೂ ಗೊತ್ತು. ಭೀಮನಿಗೆ ಮಾತ್ರ ಗೊತ್ತಿಲ್ಲ. ಬೇಡರು ಬಂದು ಸುದ್ದಿ ಮುಟ್ಟಿಸುವ ತನಕ ಅವನು ಹುಡುಕಲೇಬೇಕು. ರಂಗಕ್ಕೆ ಬಂದವನೇ ಗದೆ ಹೊತ್ತು ನೆಟ್ಟಗೆ ಸರೋವರದ ಕಡೆ ನಡೆದರೆ ಆಟ ಕಲಿಸಿದ ಮಾಸ್ತರು ಸುಮ್ಮನೆ ಬಿಡ್ತಾರಾ? ಸರ್ವರ್‌ನ ನಿಯಮ ನೋಡಿಕೊಳ್ಳುವ ಅಡ್ಮಿನ್ ಅಂದರೆ ಆ ಮಾಸ್ತರೇ.

ಹುಬ್ಬಳ್ಳಿ ವಿದ್ಯಾನಗರದ ನಮ್ಮ ರೂಮಿನಲ್ಲಿ ಜಿಟಿಎ ಫೈವ್ ಅನ್ನೋ ಕಂಪ್ಯೂಟರ್ ಆಟದಲ್ಲಿ ರೋಲ್‌ಪ್ಲೇ ಆಡುತ್ತಿದ್ದಾಗ ನಾನು ಕಳ್ಳ, ದೋಸ್ತ ಪೊಲೀಸ್. ಆಟದೊಳಗಿನ ಸ್ಯಾಂಡಿ ಶೋರ್ಸ್ ಅನ್ನೋ ಊರಲ್ಲಿ ಒಂದು ಶೆಡ್ಡಿನ ಹಿಂದೆ ಅಡಗಿದ್ದೆ. ಅವನು ರೂಮಿನಲ್ಲಿ ಗಿರ್ಮಿಟ್ ಪ್ಲೇಟು ಹಿಡಿದು, ನನ್ನ ಸ್ಕ್ರೀನ್ ಕಾಣುವ ಹಾಗೆ ಬೆನ್ನ ಹಿಂದಿನಿಂದ ಹಾದು ಹೋದ. ಎರಡೇ ನಿಮಿಷ, ಜೀಪು ಶೆಡ್ಡಿನ ಮುಂದೆ!

"ಲೇ, ನಿನಗ ಹೆಂಗ ಗೊತ್ತಾತು?"

"ಹಂಗ ಸುಮ್ನ ಗಸ್ತು ಬಂದಿದ್ದೆ, ದೋಸ್ತ."

ಗಸ್ತು ಅಲ್ಲ, ಅದು ಅಪ್ಪಟ ಮೆಟಾ. ಆಟಗಾರರು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನ ಕಾಲ್‌ನಲ್ಲಿ ಕೇಳಿದ ಜಾಗಕ್ಕೆ ಹೋಗೋದು, ಇನ್ನೊಬ್ಬನ ಲೈವ್ ಸ್ಟ್ರೀಮ್ ನೋಡಿಕೊಂಡು ಅವನನ್ನೇ ಹಿಡಿಯೋದು, ತಲೆ ಮೇಲಿನ ಹೆಸರು ಓದಿ ಅಪರಿಚಿತನನ್ನು ಹೆಸರು ಹಿಡಿದು ಕರೆಯೋದು, ಎಲ್ಲಾ ಇದರಲ್ಲೇ ಬರುತ್ತವೆ. ಇದರ ತಮ್ಮನಂಥ ಇನ್ನೊಂದು ನಿಯಮ ಉಂಟು, ನ್ಯೂ ಲೈಫ್ ರೂಲ್. ಸತ್ತು ಮತ್ತೆ ಹುಟ್ಟಿದ ಮೇಲೆ ಯಾರು ಕೊಂದರು ಅನ್ನೋದನ್ನು ಪಾತ್ರ ಮರೆತಿರಬೇಕು, ಸೇಡು ತೀರಿಸಿಕೊಳ್ಳಲು ಓಡಬಾರದು.

ಇದು ಕಂಪ್ಯೂಟರ್ ಆಟಗಳ ಗೋಳಷ್ಟೇ ಅಲ್ಲ. 1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನು ಮೇಜಿನ ಸುತ್ತ ಕೂತು ಆಡುವವರಿಗೂ ಇದೇ ಜಗಳ. ಅದರಲ್ಲಿ ಟ್ರೋಲ್ ಅನ್ನುವ ರಾಕ್ಷಸನ ಗಾಯ ತಾನೇ ಕೂಡಿಕೊಳ್ಳುತ್ತದೆ, ಬೆಂಕಿ ಅಥವಾ ಆಸಿಡ್ ಹಾಕಿದರೆ ಮಾತ್ರ ಇಲ್ಲ. ಪುಸ್ತಕ ಓದಿದ ಆಟಗಾರನಿಗೆ ಇದು ಗೊತ್ತು. ಅವನ ಪಾತ್ರ ಮೊದಲ ಸಲ ಹಳ್ಳಿ ಬಿಟ್ಟು ಹೊರಟ ಹುಡುಗ. ಟ್ರೋಲ್ ಕಂಡ ಕೂಡಲೇ ಪಂಜು ಹಿಡಿದರೆ? "ನಮ್ಮ ಅಜ್ಜ ಕಥೆ ಹೇಳಿದ್ದ" ಅಂದರೆ ಒಪ್ಪಬೇಕಾ? ನಾನಂತೂ ಒಪ್ಪುತ್ತೇನೆ, ಆದರೆ ಎಲ್ಲದಕ್ಕೂ ಅಜ್ಜನೇ ಬರಬಾರದು.

ಇನ್ನೂ ಕಷ್ಟದ್ದು ದನಿ. ಮುಖಕ್ಕೆ ಮಾಸ್ಕ್ ಹಾಕಿದವನನ್ನು ದನಿಯಿಂದ ಗುರುತು ಹಿಡಿಯಬಹುದಾ ಅನ್ನೋದಕ್ಕೆ ಒಂದೊಂದು ಸರ್ವರ್‌ನಲ್ಲಿ ಒಂದೊಂದು ನಿಯಮ. ನಾವಿದ್ದಲ್ಲಿ ಹಿಡಿಯುವ ಹಾಗಿರಲಿಲ್ಲ. ಅದೇ ದೋಸ್ತ ಒಮ್ಮೆ ಮಾಸ್ಕ್ ಹಾಕಿ ಬ್ಯಾಂಕ್ ದರೋಡೆಗೆ ನುಗ್ಗಿ, ಪಿಸ್ತೂಲು ಎತ್ತಿ, "ಏ, ಯಾರೂ ಅಲಗ್ಯಾಡಬ್ಯಾಡ್ರಿ!" ಅಂತ ಒದರಿದ. ಸರ್ವರ್‌ನಲ್ಲಿ ಹುಬ್ಬಳ್ಳಿಯವರು ಅಂತ ಇದ್ದದ್ದೇ ನಾವಿಬ್ಬರು. ಆದರೂ ಎಲ್ಲರೂ ಕೈ ಮೇಲೆತ್ತಿ ಯಾರೋ ಏನೋ ಅಂತ ನಿಂತೆವು.