ಗರ್ಭಕೋಶ ಜಾರಿದ್ರೆ ಮಾಡೋ ಆಪರೇಷನ್, ಮತ್ತೆ ಆ ಮೆಶ್ ಕಥೆ

ಗರ್ಭಕೋಶ ಜಾರೋದು, ಮೂತ್ರಕೋಶನೋ ಮಲಕೋಶನೋ ಯೋನಿ ಕಡೆಗೆ ಉಬ್ಬಿಕೊಂಡು ಬರೋದು, ಇದಕ್ಕೆಲ್ಲ ಡಾಕ್ಟರು ಪ್ರೊಲ್ಯಾಪ್ಸ್ ಅಂತಾರೆ. ಹೆರಿಗೇಲಿ ಸಡಿಲ ಆದ ಸ್ನಾಯು, ವಯಸ್ಸು, ಭಾರ ಎತ್ತೋ ಕೆಲಸ, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ ಎಲ್ಲಾನೂ ಕಾರಣ ಆಗುತ್ತೆ, ಆದ್ರೂ ನಾಚಿಕೆಗೆ ಎಷ್ಟೋ ಹೆಂಗಸರು ಮನೇಲೂ ಬಾಯಿಬಿಡಲ್ಲ.

ಕಾಯಿಲೆ ಹೊಸದಲ್ಲ. ಪ್ರಾಚೀನ ಗ್ರೀಕ್ ವೈದ್ಯರು ಹೆಂಗಸನ್ನ ಏಣಿಗೆ ತಲೆಕೆಳಗಾಗಿ ಕಟ್ಟಿ ಅಲ್ಲಾಡಿಸೋರು, ಇಲ್ಲಾಂದ್ರೆ ಅರ್ಧ ದಾಳಿಂಬೆ ಒಳಗಿಟ್ಟು ತಡೆಯೋರು. ಅರಿವಳಿಕೆ ಬಂದ್ಮೇಲೆ ಆಪರೇಷನ್ ಕಾಲ ಶುರುವಾಯ್ತು. 1877ರಲ್ಲಿ ಫ್ರಾನ್ಸಿನ ಲೆಫೋರ್ ಯೋನಿಯ ಮುಂದಿನ ಹಿಂದಿನ ಗೋಡೆಗಳನ್ನ ಸೇರಿಸಿ ಹೊಲಿಯೋ ವಿಧಾನ ಹೇಳಿದ್ರು, 1888ರಲ್ಲಿ ಮ್ಯಾಂಚೆಸ್ಟರಿನ ಡೊನಾಲ್ಡ್ ಗರ್ಭಕೋಶ ತೆಗೀದೇನೇ ರಿಪೇರಿ ಮಾಡೋಕೆ ಶುರುಮಾಡಿದ್ರು.

ಇವೆಲ್ಲಾ ರೋಗಿಯ ಸ್ವಂತ ಅಂಗಾಂಶನೇ ಎಳೆದು ಹೊಲಿಯೋ ಕೆಲಸ. ಮೊದಲೇ ಸೋತ ಅಂಗಾಂಶ ಅಲ್ವಾ, ಕೆಲವರಿಗೆ ಮತ್ತೆ ಜಾರ್ತಿತ್ತು. ಅದಕ್ಕೇ ಹರ್ನಿಯಾಗೆ ಹಾಕ್ತಿದ್ದ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಜಾಲರಿ, ಅಂದ್ರೆ ಮೆಶ್, ಇಲ್ಲಿಗೂ ಬಂತು. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2002ರಲ್ಲಿ ಪ್ರೊಲ್ಯಾಪ್ಸ್‌ಗೆ ಮೆಶ್ ಮಾರೋಕೆ ಒಪ್ಪಿಗೆ ಕೊಡ್ತು. ನನಗೆ ಸಿಟ್ಟು ಬರೋದು ಇಲ್ಲೇ. ಹೆಂಗಸರ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ಸುರಕ್ಷಿತ ಅಂತ ತೋರಿಸಿದ್ಮೇಲೆ ಅಲ್ಲ, ಮೊದಲೇ ಮಾರ್ಕೆಟ್ಟಲ್ಲಿರೋ ಸಾಧನದ ಥರಾನೇ ಇದೆ ಅಂತ ತೋರಿಸಿದ್ರೆ ಸಾಕು ಅನ್ನೋ ದಾರೀಲಿ ಒಪ್ಪಿಗೆ ಸಿಕ್ಕಿದ್ದು. ಹೊಟ್ಟೆಯ ಗೋಡೆ ಬೇರೆ, ಯೋನಿಯ ತೆಳು ಗೋಡೆ ಬೇರೆ, ಅಲ್ಲಿ ಬ್ಯಾಕ್ಟೀರಿಯಾ ಯಾವಾಗ್ಲೂ ಇರುತ್ತೆ.

ಕೆಲವರಿಗೆ ಮೆಶ್ ಗೋಡೆ ಕೊರ್ಕೊಂಡು ಹೊರಗೆ ಬಂತು, ರಕ್ತಸ್ರಾವ, ಸೋಂಕು, ಕೂರೋಕಾಗದ ನೋವು, ಗಂಡ ಹೆಂಡತಿ ಸೇರೋಕೂ ಆಗದಷ್ಟು ನೋವು. ತೆಗೆಸೋಣ ಅಂದ್ರೆ ಅಂಗಾಂಶ ಅದರ ಸಂದುಗಳಲ್ಲೆಲ್ಲಾ ಬೆಳೆದು ಹಿಡ್ಕೊಂಡಿರುತ್ತೆ, ಒಂದು ಆಪರೇಷನ್‌ಗೆ ಪೂರ್ತಿ ಬರೋದೂ ಇಲ್ಲ. 2008ರಲ್ಲಿ ಇಂಥ ತೊಂದರೆ ಅಪರೂಪ ಅಂದಿದ್ದ ಎಫ್‌ಡಿಎ 2011ರಲ್ಲಿ ಅಪರೂಪ ಅಲ್ಲ ಅಂತು! 2017ರಲ್ಲಿ ಬಂದ ಬ್ರಿಟನ್ನಿನ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ ಮೆಶ್ ಹಾಕಿದ್ರಿಂದ ಮೊದಲ ಎರಡು ವರ್ಷದಲ್ಲಿ ಹೆಚ್ಚಿನ ಲಾಭ ಏನೂ ಕಾಣ್ಲಿಲ್ಲ, ಹಾಕಿಸ್ಕೊಂಡವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಮೆಶ್‌ನಿಂದಲೇ ತೊಂದರೆ ಆಗಿತ್ತು. ಅದೇ ವರ್ಷ ಆಸ್ಟ್ರೇಲಿಯಾ ಯೋನಿ ಮೂಲಕ ಹಾಕೋ ಈ ಮೆಶ್‌ನ ಹಿಂತೆಗೀತು, 2018ರಲ್ಲಿ ಇಂಗ್ಲೆಂಡ್ ತಡೆ ಹಾಕ್ತು, 2019ರ ಏಪ್ರಿಲ್‌ನಲ್ಲಿ ಅಮೆರಿಕ ಮಾರಾಟ ನಿಲ್ಲಿಸ್ತು. ಬ್ರಿಟನ್ನಿನಲ್ಲಿ ಇದರ ಬಗ್ಗೆ ವಿಚಾರಣೆ ಮಾಡಿ ಬರೆದ 2020ರ ಕಂಬರ್ಲೆಜ್ ವರದಿ ಓದಿದ್ರೆ ಹೊಟ್ಟೆ ಉರಿಯುತ್ತೆ, ನೋವು ಅಂತ ಬಂದ ಹೆಂಗಸರ ಮಾತನ್ನ ವರ್ಷಗಟ್ಟಲೆ ಯಾರೂ ಕಿವಿಗೇ ಹಾಕ್ಕೊಂಡಿರ್ಲಿಲ್ಲ.

ಹೊಟ್ಟೆ ಮೂಲಕ ಮೆಶ್ ಹಾಕಿ ಬೆನ್ನುಮೂಳೆಯ ಕೆಳಭಾಗಕ್ಕೆ ಬಿಗಿಯೋ ಆಪರೇಷನ್ ಬೇರೆ, ಅಮೆರಿಕದ ಆ ಆದೇಶ ಅದಕ್ಕೆ ಅನ್ವಯಿಸಲ್ಲ, ಅದು ಈಗ್ಲೂ ನಡೆಯುತ್ತೆ. ಸ್ವಂತ ಅಂಗಾಂಶದ ರಿಪೇರಿನೂ ಇದೆ. ಆಪರೇಷನ್ ಬೇಡ ಅನ್ನೋರಿಗೆ ಯೋನಿ ಒಳಗಿಟ್ಟು ಜಾರದ ಹಾಗೆ ತಡೆಯೋ ಬಳೆಯಂಥ ರಿಂಗ್ ಪೆಸರಿ, ಸ್ನಾಯುವಿನ ವ್ಯಾಯಾಮ ಇದೆ. ಯೋನಿ ಮೂಲಕ ಮೆಶ್ ಹಾಕಿಸ್ಕೊಂಡು ಆರಾಮಾಗಿರೋರು ಸುಮ್ಮನೆ ತೆಗೆಸಬೇಕಿಲ್ಲ, ಚೆಕಪ್ ಬಿಡಬಾರ್ದು ಅಷ್ಟೆ. ರಕ್ತ, ನೋವು, ವಾಸನೆಯ ಸ್ರಾವ ಕಂಡ್ರೆ ಮಾತ್ರ ತಡಮಾಡದೆ ಡಾಕ್ಟರ ಹತ್ರ ಹೋಗಿ, ಮೆಶ್ ಇದೆ ಅಂತ ಮೊದಲೇ ಹೇಳಿ.