ಹೆಡ್‌ಲೈಟ್ ಉಜ್ಜುವುದು: ಒದ್ದೆಯಾಗಿದ್ದಾಗ ನೋಡಿ ಮೋಸ ಹೋದವನ ಟಿಪ್ಪಣಿ

ಹಾವೇರಿಯಿಂದ ರಾತ್ರಿ ಹುಬ್ಬಳ್ಳಿಗೆ ಬರುವಾಗ ಲೈಟ್ ಹಾಕಿದ್ದೀನೋ ಇಲ್ವೋ ಅಂತ ನನಗೇ ಅನುಮಾನ ಬಂದಿತ್ತು. ಬಲ್ಬಿನದೇ ತಪ್ಪು ಅಂದುಕೊಂಡು ಹೊಸದು ಹಾಕಿಸಿದೆ, ದುಡ್ಡು ದಂಡ. ತಪ್ಪಿದ್ದದ್ದು ಮುಂದಿನ ಮುಖದಲ್ಲಿ. ಹಳೆ ಎಣ್ಣೆ ಬಾಟಲಿ ಥರ ಹಳದಿಯಾಗಿ ಮಂಜು ಹಿಡಿದಿತ್ತು. ಕಳೆದ ಎರಡು ಭಾನುವಾರ ಅದನ್ನೇ ಉಜ್ಜಿದ್ದೇನೆ, ಮರೆಯುವ ಮೊದಲು ಬರೆದಿಡುತ್ತೇನೆ.

ಈಗಿನ ಹೆಡ್‌ಲೈಟಿನ ಮುಖ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಳೆ ಅಂಬಾಸಿಡರ್‌ನದು ಗಾಜು, ಅದಕ್ಕೇ ಅದು ಹೀಗೆ ಹಳದಿಯಾಗುತ್ತಿರಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು ತಡೆಯುವ ತೆಳುವಾದ ಗಟ್ಟಿ ಪದರ ಇರುತ್ತದೆ. ನೇರಳಾತೀತ ಕಿರಣ ಮೊದಲು ಅದನ್ನು ತಿನ್ನುತ್ತದೆ, ಆಮೇಲೆ ಪ್ಲಾಸ್ಟಿಕ್ಕಿಗೇ ಕೈ ಹಾಕುತ್ತದೆ. ನನ್ನ ಗಾಡಿ ನಿಲ್ಲುವ ಜಾಗದಲ್ಲಿ ಎಡಗಡೆ ಲೈಟಿಗೆ ಮಧ್ಯಾಹ್ನದ ಬಿಸಿಲು, ಬಲಗಡೆಯದಕ್ಕೆ ಬೇವಿನ ನೆರಳು. ಎಡಗಡೆಯದೇ ಜಾಸ್ತಿ ಹಳದಿ.

ಉಜ್ಜುವ ಮೊದಲು ಒದ್ದೆ ಬೆರಳು ಆಡಿಸಿ ನೋಡಿ. ಒದ್ದೆಯಾದ ಕಡೆ ತಿಳಿಯಾದರೆ ಮಂಜು ಹೊರಗಡೆ ಇದೆ, ಉಜ್ಜಿದರೆ ಹೋಗುತ್ತದೆ. ಒಳಗೆ ನೀರಿನ ಹನಿ ಕೂತಿದ್ದರೆ ಅದು ಸೀಲಿನ ಸಮಸ್ಯೆ, ಈ ಟಿಪ್ಪಣಿ ಅದಕ್ಕಲ್ಲ.

ನೀರು ಹಾಕಿ ಉಜ್ಜುವ ಮರಳು ಕಾಗದ ಬೇಕು, ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತಲೇ ಕೇಳಿ: 800, 1500, 2000, 3000. ನಂಬರ್ ಜಾಸ್ತಿಯಾದಷ್ಟೂ ನುಣುಪು. 3000 ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಕಾರ್ ಪೇಂಟ್ ಮಾರುವವರ ಹತ್ತಿರ ಸಿಕ್ಕಿತು. ಜೊತೆಗೆ ಮಾಸ್ಕಿಂಗ್ ಟೇಪ್, ಕೊನೆಗೆ ತಿಕ್ಕಿ ಹೊಳಪು ತರುವ ಪೇಸ್ಟು ಅಂದರೆ ರಬ್ಬಿಂಗ್ ಕಾಂಪೌಂಡ್, ಒಂದು ಹನಿ ಶಾಂಪೂ ಹಾಕಿದ ನೀರು. ಬಾನೆಟ್ಟಿನ ಅಂಚಿಗೆ ಟೇಪ್ ಎರಡು ಸುತ್ತು ಹಾಕಿ, ಒಂದೇ ಸುತ್ತು ಹರಿದು ನನ್ನ ಗಾಡಿಯ ಬಣ್ಣಕ್ಕೆ ಗೀರು ಬಿದ್ದಿದೆ. ಥಿನ್ನರ್, ಪೆಟ್ರೋಲ್ ಹಚ್ಚಬೇಡಿ, ಈ ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತವೆ. ಟೂತ್‌ಪೇಸ್ಟೂ ಹಚ್ಚಿ ನೋಡಿದೆ. ಮೇಲ್ಮೇಲೆ ಹೊಳಪು ಬಂತು, ಅಷ್ಟೇ.

ಈಗ ನಾನು ಎಡವಿದ ಜಾಗ. ಮೊದಲು ಹಿಡಿದದ್ದು ಎಡಗಡೆ ಲೈಟು. ನೀರು ಚಿಮುಕಿಸುತ್ತಾ 800ರಿಂದ ಉಜ್ಜಿದೆ. ಮೊದಲು ಇಳಿಯುವ ನೀರು ಹಳದಿ ಹಾಲಿನ ಹಾಗೆ ಇರುತ್ತದೆ, ಉಜ್ಜುತ್ತಾ ಹೋದರೆ ಬಿಳಿಯಾಗುತ್ತದೆ. ಬಿಳಿಯಾಯಿತು ಅಂದರೆ ಕೆಟ್ಟ ಪದರ ಹೋಯಿತು. ಇಲ್ಲಿಯವರೆಗೆ ಸರಿ. ಆಮೇಲೆ ನೀರು ಹಾಕಿ ತೊಳೆದರೆ ಲೈಟು ಫಳಫಳ! ಮುಗೀತು ಅಂತ 1500 ನಾಲ್ಕು ಸಲ, 2000 ನಾಲ್ಕು ಸಲ ಸುಮ್ನೆ ಆಡಿಸಿ, 3000 ಬಿಟ್ಟು ಸೀದಾ ಕಾಂಪೌಂಡ್ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಮೋಡ ಕವಿದ ಹಾಗೆ ಬೂದು, ಒಳಗೆ ಸಾವಿರ ಗೀರು. ಇನ್ನೂ ಅರ್ಧ ಗಂಟೆ ಕಾಂಪೌಂಡ್ ತಿಕ್ಕಿದೆ. ಭುಜ ನೋವು ಬಂತು, ಗೀರು ಹೋಗಲಿಲ್ಲ.

ನಮ್ಮ ಓಣಿಯಲ್ಲಿ ಗಾಡಿಗೆ ಪೇಂಟ್ ಹೊಡೆಯುವ ಕಾಕಾ ಒಬ್ಬರಿದ್ದಾರೆ. ಅವರು ಬಂದು ನೋಡಿ ನಕ್ಕು ಹೇಳಿದರು: "ಒಣಗಿಸಿ ನೋಡಪಾ. ತೊಯ್ದಾಗ ಎಲ್ಲಾ ಚೊಲೋನ ಕಾಣತೈತಿ."

ಯಾಕೆ ಅಂತ ಆಮೇಲೆ ಕೂತು ಓದಿದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆ, ಎಷ್ಟು ಅನ್ನುವುದಕ್ಕೆ ವಕ್ರೀಭವನ ಸೂಚ್ಯಂಕ ಅಂತ ಒಂದು ಅಂಕಿ ಇದೆ. ಗಾಳಿಗೆ 1, ನೀರಿಗೆ 1.33, ಪಾಲಿಕಾರ್ಬೊನೇಟಿಗೆ ಸುಮಾರು 1.58. ಒಣಗಿದ ಗೀರಿನ ತುಂಬಾ ಗಾಳಿ, 1ಕ್ಕೂ 1.58ಕ್ಕೂ ಅಂತರ ದೊಡ್ಡದು, ಬೆಳಕು ಅಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ, ನಮಗೆ ಬೆಳ್ಳಗೆ ಕಾಣುತ್ತದೆ. ಅದೇ ಗೀರಿನೊಳಗೆ ನೀರು ತುಂಬಿದರೆ ಅಂತರ ಕಡಿಮೆ, ಗೀರು ಅಡಗಿ ಕೂರುತ್ತದೆ. ಅಂದರೆ ಒದ್ದೆ ಬೆರಳಿನ ಪರೀಕ್ಷೆಯಲ್ಲಿ ನನಗೆ ಸಹಾಯ ಮಾಡಿದ ನೀರೇ ಉಜ್ಜುವಾಗ ಟೋಪಿ ಹಾಕಿತು!

ಇನ್ನೊಂದು ಮಾತು. 1500 ಪೇಪರಿನ ಕೆಲಸ ಹೊಳಪು ಕೊಡುವುದಲ್ಲ, 800 ಮಾಡಿದ ಗೀರನ್ನು ಅಳಿಸುವುದು. 2000 ಬಂದು 1500ರದನ್ನು ಅಳಿಸಬೇಕು. ಹಿಂದಿನದು ಪೂರ್ತಿ ಅಳಿಯದೆ ಮುಂದೆ ಹೋದರೆ ಆ ಗೀರು ಕೊನೆಯವರೆಗೂ ನಿಮ್ಮ ಜೊತೆಗೇ ಬರುತ್ತದೆ. ಕಾಂಪೌಂಡಿಗೆ ಅಷ್ಟು ಆಳದ್ದು ತೆಗೆಯುವ ಶಕ್ತಿ ಇಲ್ಲ.

ಬಲಗಡೆ ಲೈಟಿಗೆ ಹೀಗೆ ಮಾಡಿದೆ. 800 ಅಡ್ಡ, 1500 ಉದ್ದ, 2000 ಮತ್ತೆ ಅಡ್ಡ, 3000 ಉದ್ದ. ಪ್ರತಿ ಪೇಪರ್ ಆದಮೇಲೆ ತೊಳೆದು, ಬಟ್ಟೆಯಿಂದ ಒರೆಸಿ, ಎರಡು ನಿಮಿಷ ಬಿಟ್ಟು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡುವುದು. 1500 ಉದ್ದಕ್ಕೆ ಆಡಿಸಿದ ಮೇಲೂ ಅಡ್ಡಗೀರು ಕಂಡಿತು ಅಂದರೆ ಅದು 800ರದ್ದೇ, ಉಳಿದುಕೊಂಡಿದೆ. ದಿಕ್ಕು ಬದಲಿಸಿದ್ದಕ್ಕೇ ಇದು ಗೊತ್ತಾಗುವುದು. ಎಲ್ಲ ಒಂದೇ ಕಡೆ ಉಜ್ಜಿದ್ದರೆ ಯಾವ ಗೀರು ಯಾರದು ಅಂತ ಹೇಳುವುದು ಹೇಗೆ? ಒಣಗಿದಾಗ ಲೈಟು ಪೂರ್ತಿ ಬೆಳ್ಳಗೆ ಕಂಡರೆ ಹೆದರಬೇಡಿ. ಒಂದೇ ಸಮ ಬೆಳ್ಳಗಿದ್ದರೆ ಒಳ್ಳೆಯದೇ. 3000 ಆದಮೇಲೆ ಕಾಂಪೌಂಡ್ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿತು.

ಕೊನೆಗೆ ಬಿಸಿಲು ತಡೆಯುವ ಕೋಟಿಂಗ್ ಹಚ್ಚುವುದನ್ನು ಬಿಡಬೇಡಿ. ಉಜ್ಜಿ ಉಳಿದಿದ್ದ ಪದರವನ್ನೂ ತೆಗೆದಿದ್ದೇವೆ, ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಗಟ್ಟಿಯಾಗಲು ಹಾರ್ಡನರ್ ಕಲಸುವ 2ಕೆ ಕ್ಲಿಯರ್ ಎಂಬ ಪಾರದರ್ಶಕ ಪೇಂಟು ಜಾಸ್ತಿ ಬಾಳುತ್ತದೆ, ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕು ಸಾಲದು. ನಾನು ಒರೆಸಿ ಹಚ್ಚುವ ಯುವಿ ಕೋಟಿಂಗ್ ತಂದೆ. ಕಾಂಪೌಂಡಿನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನೆರಳಲ್ಲಿ ತೆಳುವಾಗಿ ಹಚ್ಚಿದೆ. ಧೂಳು ಕೂರದ ಹಾಗೆ ಬೆಳಗ್ಗೆ ಏಳಕ್ಕೇ ಮಾಡಿದೆ, ಆಮೇಲೆ ನಮ್ಮ ಓಣಿಯ ಧೂಳು ನಿಮಗೆ ಗೊತ್ತಲ್ಲ.

ಎಡಗಡೆಯದು ಬರುವ ಭಾನುವಾರ, ಮತ್ತೆ 800ರಿಂದ. ಕಾಕಾ ಟಾರ್ಚ್ ಹಿಡಿಯಲು ಬರ್ತೀನಿ ಅಂದಿದ್ದಾರೆ.